ಹೊನ್ನಾವರ ಹುಡುಕಿದರೆ ಓನೋರ್ ಕೂಡ ಸಿಗಬೇಕು

ಅಂಕೋಲಾದ ಹಾಲಕ್ಕಿ ಸಮುದಾಯದ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ ಪದ್ಮಶ್ರೀ ಬಂತು. ಅವರ ಬಗ್ಗೆ ವಿಕಿಪೀಡಿಯದಲ್ಲಿ ಬರೆಯಲು ಕೂತವರು ಮೊದಲು ಆಧಾರ ಹುಡುಕಬೇಕು. ಯಾವ ಪತ್ರಿಕೆ ಏನು ಬರೆದಿದೆ, ಯಾವ ಪುಸ್ತಕದಲ್ಲಿ ಹೆಸರಿದೆ? ಈ ಕೆಲಸಕ್ಕೆಂದೇ ಕೆಲವು ಟೆಂಪ್ಲೇಟುಗಳಿವೆ, ಅಂದರೆ ಒಮ್ಮೆ ಬರೆದಿಟ್ಟು ಬೇಕಾದ ಪುಟಗಳಲ್ಲೆಲ್ಲ ಹಾಕಿಕೊಳ್ಳುವ ಅಚ್ಚುಗಳು. ಹೆಸರೊಂದು ಕೊಟ್ಟರೆ ಸಾಕು, ಗೂಗಲ್‌ನ ಸುದ್ದಿ, ಪುಸ್ತಕ, ಸ್ಕಾಲರ್ (ಸಂಶೋಧನಾ ಬರಹಗಳ) ಹುಡುಕಾಟಗಳಿಗೆ ಕೊಂಡಿ ಕಟ್ಟಿಕೊಡುತ್ತವೆ.

ವಿಕಿಪೀಡಿಯ ಶುರುವಾದದ್ದು 2001ರಲ್ಲಿ, ಕನ್ನಡದ್ದು 2003ರಲ್ಲಿ. ಟೆಂಪ್ಲೇಟಿಗೆ ತನ್ನದೇ ಜಾಗ ಸಿಕ್ಕಿದ್ದು 2004ರಲ್ಲಿ, ವಿಕಿಪೀಡಿಯವನ್ನು ನಡೆಸುವ ತಂತ್ರಾಂಶ ಮೀಡಿಯಾವಿಕಿಯ 1.3 ಆವೃತ್ತಿ ಬಂದಾಗ. ಅಲ್ಲಿಂದ ಕೆಲಸ ಹಗುರಾಯಿತು. ಗೂಗಲ್ ವಿಳಾಸ ಬದಲಿಸಿದರೆ ಟೆಂಪ್ಲೇಟಿನಲ್ಲಿ ಒಮ್ಮೆ ತಿದ್ದಿದರಾಯಿತು, ಅದನ್ನು ಹಾಕಿದ ಪುಟಗಳೆಲ್ಲ ಸರಿಯಾಗುತ್ತವೆ.

ಕನ್ನಡದವರಿಗೆ ಇದರಿಂದ ಇನ್ನೂ ಜಾಸ್ತಿ ಉಪಯೋಗ. ‘ಕಾರವಾರ’ ಎಂಬ ಪದ ಕಣ್ಣಿಗೆ ನಾಲ್ಕೇ ಅಕ್ಷರ. ಕಂಪ್ಯೂಟರ್ ಎರಡು ದೀರ್ಘಗಳನ್ನೂ ಬೇರೆಯಾಗಿ ಎಣಿಸುತ್ತದೆ, ಆರಾಗುತ್ತದೆ. ವೆಬ್ ವಿಳಾಸದಲ್ಲಿ ಒಂದೊಂದಕ್ಕೂ ಒಂಬತ್ತು ಚಿಹ್ನೆ ಬೇಕು, ಒಟ್ಟು 54. ಅದನ್ನು ಕೈಯಲ್ಲಿ ಬರೆಯಲಾದೀತೇ? ಇನ್ನೊಂದು ತೊಡಕು ಖಾಲಿ ಜಾಗದ್ದು. ವಿಕಿ ಕೊಂಡಿಯಲ್ಲಿ ಮೊದಲ ಖಾಲಿ ಜಾಗ ಬಂದಲ್ಲಿಗೆ ವಿಳಾಸ ಮುಗಿಯುತ್ತದೆ. ಹಾಗಾಗಿ ‘ಸುಕ್ರಿ ಬೊಮ್ಮಗೌಡ’ ಎಂದು ಸುಮ್ನೆ ಬರೆದರೆ ‘ಸುಕ್ರಿ’ ಮಾತ್ರ ಹುಡುಕಾಟಕ್ಕೆ ಹೋಗಿ, ‘ಬೊಮ್ಮಗೌಡ’ ಕೊಂಡಿಯ ಮೇಲಿನ ಬರಹವಾಗಿ ಉಳಿಯುತ್ತದೆ. ಟೆಂಪ್ಲೇಟಿನೊಳಗಿನ ಒಂದು ಸೂತ್ರ ಖಾಲಿ ಜಾಗವನ್ನು ಕೂಡಿಸುವ ಚಿಹ್ನೆಯಾಗಿ (+), ಕನ್ನಡವನ್ನು ಆ ಉದ್ದನೆಯ ಸಾಲಾಗಿ ತಾನೇ ಬದಲಿಸುತ್ತದೆ.

ಇಂಥ ಕೊಂಡಿ ಎಲ್ಲಿರಬೇಕು? ಲೇಖನದ ಕೊನೆಯ ಹೊರಕೊಂಡಿಗಳ ಪಟ್ಟಿಯಲ್ಲಿ ಹುಡುಕಾಟದ ಪುಟಗಳು ಬೇಡ ಎಂದು ಇಂಗ್ಲಿಷ್ ವಿಕಿಪೀಡಿಯದ ಮಾರ್ಗಸೂಚಿ ಹೇಳುತ್ತದೆ. ಅದು ಸರಿ. ಇಂದು ಶಿರಸಿಯಲ್ಲಿ ಕಂಡ ಫಲಿತಾಂಶ ನಾಳೆ ಬೆಂಗಳೂರಿನಲ್ಲಿ ಹಾಗೇ ಕಾಣುತ್ತದೆಂದು ಹೇಳಲಾಗದು. ಅದನ್ನು ಆಧಾರ ಎನ್ನುವುದು ಹೇಗೆ? ಚರ್ಚೆಪುಟದಲ್ಲಿ, ‘ಉಲ್ಲೇಖ ಬೇಕು’ ಎಂಬ ಸೂಚನೆಯ ಜೊತೆ, ಲೇಖನವನ್ನು ಅಳಿಸಬೇಕೇ ಎಂಬ ಚರ್ಚೆಯಲ್ಲಿ ಇದ್ದರೆ ಒಳ್ಳೆಯದು. ಆದರೆ ಅಲ್ಲಿ ಎಷ್ಟು ಫಲಿತಾಂಶ ಬಂತೆಂದು ಎಣಿಸಿ ವಿಷಯದ ತೂಕ ನೋಡಬಾರದು. ಬಾಯಿಂದ ಬಾಯಿಗೆ ಬಂದ ಹಾಲಕ್ಕಿ ಹಾಡಿಗೆ ಅದು ದೊಡ್ಡ ಅನ್ಯಾಯ.

ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವುದು ಟೆಂಪ್ಲೇಟಿಗೆ ನಾವು ಕೊಡುವ ಹೆಸರು. ಏನೂ ಕೊಡದಿದ್ದರೆ ಅದು ಪುಟದ ತಲೆಬರಹವನ್ನೇ ಎತ್ತಿಕೊಳ್ಳುತ್ತದೆ. ನಮ್ಮ ಉತ್ತರ ಕನ್ನಡ ಜಿಲ್ಲೆಗೆ ಅಷ್ಟು ಸಾಲದು. 1862ರಲ್ಲಿ ಬಾಂಬೆ ಪ್ರೆಸಿಡೆನ್ಸಿಗೆ ಸೇರಿದ ಈ ನೆಲ ಮೈಸೂರು ರಾಜ್ಯಕ್ಕೆ ಬಂದದ್ದು 1956ರಲ್ಲಿ. 1883ರ ಬಾಂಬೆ ಗೆಜೆಟಿಯರ್‌ನ ಸಂಪುಟದ ಹೆಸರೇ ‘ಕೆನರಾ’. ‘ಉತ್ತರ ಕನ್ನಡ’ ಎಂದಷ್ಟೇ ಹುಡುಕಿದರೆ ಅದು ಕೈಗೆ ಬರುವುದು ಕಷ್ಟ, ಅಲ್ವಾ? ಹೊನ್ನಾವರ ಹಳೆಯ ದಾಖಲೆಗಳಲ್ಲಿ ಓನೋರ್. ಸುಕ್ರಜ್ಜಿಯ ಹೆಸರನ್ನೂ ಬೊಮ್ಮಗೌಡ, ಬೊಮ್ಮು ಗೌಡ ಎಂದು ಒಬ್ಬೊಬ್ಬರು ಒಂದೊಂದು ರೀತಿ ಬರೆಯುತ್ತಾರೆ.

ಹಾಗಾಗಿ ಒಂದೇ ಟೆಂಪ್ಲೇಟಿಗೆ ಎರಡು ಮೂರು ರೂಪ ಕೊಡಿ. ನಡುವೆ ‘ಅಥವಾ’ ಎಂಬುದರ ಇಂಗ್ಲಿಷ್ ಪದವನ್ನು ದೊಡ್ಡಕ್ಷರದಲ್ಲಿ ಹಾಕಿದರೆ ಗೂಗಲ್ ಯಾವ ರೂಪವಿದ್ದರೂ ತರುತ್ತದೆ. ಶಿರಸಿಯನ್ನು ಇಂಗ್ಲಿಷಿನಲ್ಲಿ ಹುಡುಕುವಾಗ ಜೊತೆಗೆ ಜಿಲ್ಲೆಯ ಹೆಸರೂ ಇರಲಿ. ಉತ್ತರ ಪ್ರದೇಶದಲ್ಲೂ ಒಂದು ಸಿರ್ಸಿ ಇದೆ.