ಬಿಪಿ ಮಾತ್ರೆ ನುಂಗುವವರು ರಾಗಿ ಮುದ್ದೆ ಬಿಡಬೇಕೇ?

ಪ್ರಶ್ನೆ: ಸರ್, ನನಗೆ 58 ವರ್ಷ. ಬಿಪಿಗೆ ದಿನಾ ಅಮ್ಲೋಡಿಪಿನ್ 5 ಎಂಜಿ ತಗೊಳ್ತೀನಿ. ಅದು ‘ಕ್ಯಾಲ್ಸಿಯಂ ಚಾನೆಲ್ ಬ್ಲಾಕರ್’ ಅಂತೆ. ಹಾಗಾದ್ರೆ ಮೂಳೆಗೆ ಕ್ಯಾಲ್ಸಿಯಂ ಸೇರೋದಿಲ್ವಾ? ಮುದ್ದೆ, ಹಾಲು ಬಿಡಬೇಕಾ, ಇಲ್ಲ ಜಾಸ್ತಿ ತಿನ್ನಬೇಕಾ?

ಉತ್ತರ: ಬಿಡಬೇಡಿ. ಮಾತ್ರೆಯ ಸಲುವಾಗಿ ಜಾಸ್ತಿಯೂ ಬೇಡ. ಮೊದಲು ಹೇಗೆ ಉಣ್ಣುತ್ತಿದ್ದಿರೋ ಹಾಗೇ ಉಣ್ಣಿ.

ಇದನ್ನು ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಕೇಳುವವರ ಮೇಲೆ ನನಗೆ ಬೇಸರವಿಲ್ಲ. ಯಾರನ್ನೂ ಕೇಳದೆ ಹಾಲು ಬಿಟ್ಟವರನ್ನು, ಮೂಳೆ ಸವೆಯುತ್ತದೆಂದು ಹೆದರಿ ಮಾತ್ರೆಯನ್ನೇ ಬಿಟ್ಟವರನ್ನು ಕಂಡಾಗ ಸಂಕಟವಾಗುತ್ತದೆ. ಅದಕ್ಕೇ ಈ ಸಲ ಬುಡದಿಂದ ಹೇಳುತ್ತೇನೆ.

ಬಿಪಿ ಏರಿಳಿಯುವುದರಲ್ಲಿ ದೊಡ್ಡ ಪಾಲು ಕೂದಲೆಳೆಯಷ್ಟು ಸಣ್ಣ ಕಿರುಧಮನಿಗಳದ್ದು. ಅವುಗಳ ಗೋಡೆಯಲ್ಲಿ ಬಳೆ ತೊಡಿಸಿದ ಹಾಗೆ ಸ್ನಾಯುವಿನ ಕೋಶಗಳು ಸುತ್ತಿಕೊಂಡಿರುತ್ತವೆ. ಹೈಸ್ಕೂಲಿನಲ್ಲಿ ‘ಅನೈಚ್ಛಿಕ ಸ್ನಾಯು’ ಅಂತ ಓದಿದ್ದೀರಲ್ಲ, ಅದೇ. ಅದು ಬಿಗಿದರೆ ನಾಳ ಕಿರಿದಾಗುತ್ತದೆ, ಸಡಿಲಿದರೆ ಅಗಲವಾಗುತ್ತದೆ. ನಾಳದ ತ್ರಿಜ್ಯ ಶೇ. 20ರಷ್ಟು ಕಿರಿದಾದರೆ ಸಾಕು, ರಕ್ತದ ಹರಿವಿಗೆ ಅಡ್ಡಿ ಹತ್ತಿರಹತ್ತಿರ ಎರಡೂವರೆ ಪಟ್ಟಾಗುತ್ತದೆ.

ಬಿಗಿಯಲು ಕಾರಣಗಳು ಹಲವು. ಚಳಿ, ಗಾಬರಿ, ನರದ ತುದಿಯಿಂದ ಬರುವ ನಾರ್ ಅಡ್ರಿನಲಿನ್, ರಕ್ತದಲ್ಲಿ ತೇಲಿಬರುವ ಆಂಜಿಯೊಟೆನ್ಸಿನ್. ಒಳಗಿನ ರಕ್ತವೇ ಒತ್ತಿ ಗೋಡೆಯನ್ನು ಹಿಗ್ಗಿಸಿದರೂ ಈ ಸ್ನಾಯು ತಾನಾಗಿ ಬಿಗಿದುಕೊಳ್ಳುತ್ತದೆ. ಇಂಗ್ಲೆಂಡಿನ ವಿಲಿಯಂ ಬೇಲಿಸ್ 1902ರಲ್ಲೇ ಇದನ್ನು ವಿವರಿಸಿದ್ದರು. ಕಾರಣ ಯಾವುದೇ ಇರಲಿ, ಬಿಗಿತ ಶುರುವಾಗಲು ಕೋಶದೊಳಗೆ ಕ್ಯಾಲ್ಸಿಯಂ ಏರಬೇಕು. ಆ ಕ್ಯಾಲ್ಸಿಯಂ ಕ್ಯಾಲ್ಮಾಡ್ಯುಲಿನ್ ಎಂಬ ಪ್ರೋಟೀನಿಗೆ ಅಂಟುತ್ತದೆ, ಎರಡೂ ಸೇರಿ ಒಂದು ಕಿಣ್ವವನ್ನು ಎಬ್ಬಿಸುತ್ತವೆ, ಕಿಣ್ವ ಸ್ನಾಯುವನ್ನು ಎಳೆದು ಬಿಗಿಸುವ ಮಯೊಸಿನ್ ಎಂಬ ಪ್ರೋಟೀನಿಗೆ ಫಾಸ್ಫೇಟ್ ಅಂಟಿಸುತ್ತದೆ. ಆಗ ಬಿಗಿತ. ಇನ್ನೊಂದು ಕಿಣ್ವ ಬಂದು ಆ ಫಾಸ್ಫೇಟ್ ಕಿತ್ತರೆ ಸಡಿಲ.

ಕೋಶದ ಹೊರಗೆ ಕ್ಯಾಲ್ಸಿಯಂ ಒಳಗಿಗಿಂತ ಸುಮಾರು 10,000 ಪಟ್ಟು ಹೆಚ್ಚು. ಪೊರೆಯಲ್ಲಿರುವ ಬಾಗಿಲು, ಅಂದರೆ ನೀವು ಹೇಳಿದ ‘ಕ್ಯಾಲ್ಸಿಯಂ ಚಾನೆಲ್’, ತೆರೆದರೆ ನುಗ್ಗಿಬಿಡುತ್ತದೆ. ಅಮ್ಲೋಡಿಪಿನ್ ಹೋಗಿ ಕೂರುವುದು ಈ ಬಾಗಿಲಲ್ಲಿ. ನುಗ್ಗುವುದು ಕಡಿಮೆಯಾಗುತ್ತದೆ, ಸ್ನಾಯು ಸಡಿಲುತ್ತದೆ, ಬಿಪಿ ಇಳಿಯುತ್ತದೆ. ತಡೆದ ಕ್ಯಾಲ್ಸಿಯಂ ಎಲ್ಲಿಗೂ ಕಳೆದುಹೋಗುವುದಿಲ್ಲ, ಬಾಗಿಲಾಚೆಯೇ ಇರುತ್ತದೆ.

ಇನ್ನು ಮುದ್ದೆಯ ವಿಚಾರ. ಕರುಳು ಊಟದಿಂದ ಕ್ಯಾಲ್ಸಿಯಂ ಹೀರಿಕೊಳ್ಳುವ ಬಾಗಿಲೇ ಬೇರೆ. ಅದು ಕೇಳುವುದು ವಿಟಮಿನ್ ಡಿ ಮಾತನ್ನು. ಅಮ್ಲೋಡಿಪಿನ್‌ಗೆ ಅದರ ಗೊಡವೆಯಿಲ್ಲ. ಮೈಯಲ್ಲಿ ಒಟ್ಟು ಸುಮಾರು 1 ಕಿಲೊ ಕ್ಯಾಲ್ಸಿಯಂ ಇದ್ದರೆ ಅದರಲ್ಲಿ ಶೇ. 99 ಮೂಳೆ, ಹಲ್ಲುಗಳಲ್ಲಿದೆ. ರಕ್ತದಲ್ಲಿರುವುದು 100 ಮಿಲಿಗೆ 8.5ರಿಂದ 10.5 ಮಿಲಿಗ್ರಾಂ. ಕತ್ತಿನಲ್ಲಿರುವ ಪ್ಯಾರಾಥೈರಾಯ್ಡ್ ಗ್ರಂಥಿಗಳು ಅದನ್ನು ಆ ಮಿತಿ ದಾಟದಂತೆ ಕಾಯುತ್ತವೆ. ಎರಡು ಮುದ್ದೆ ಉಂಡ ದಿನವೂ ಅಷ್ಟೇ, ಏಕಾದಶಿ ಉಪವಾಸದ ದಿನವೂ ಅಷ್ಟೇ. ಹೀಗಿರುವಾಗ ಮುದ್ದೆ ಬಿಟ್ಟರೆ ಬಿಪಿ ಇಳಿಯುವುದೆಂತು, ಉಂಡರೆ ಮಾತ್ರೆ ಸೋಲುವುದೆಂತು? 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. 58ರ ವಯಸ್ಸಿನಲ್ಲಿ, ಅದರಲ್ಲೂ ಮುಟ್ಟು ನಿಂತ ಹೆಂಗಸರಿಗೆ, ಅದನ್ನು ಬಿಡುವುದರಿಂದಲೇ ಮೂಳೆಗೆ ನಷ್ಟ.

ಇನ್ನೂ ನಂಬಿಕೆ ಬಾರದಿದ್ದರೆ ಒಂದು ಬಿಂದಿಗೆ ನೀರು ಎತ್ತಿ ನೋಡಿ. ತೋಳಿನ ಸ್ನಾಯುವಿಗೂ ಬಿಗಿಯಲು ಕ್ಯಾಲ್ಸಿಯಂ ಬೇಕೇ ಬೇಕು. ಮಾತ್ರೆ ಮೈಯ ಕ್ಯಾಲ್ಸಿಯಂ ಅನ್ನೆಲ್ಲ ತಡೆಯುವುದಾಗಿದ್ದರೆ ಬಿಂದಿಗೆ ಮೇಲೇಳುತ್ತಿರಲಿಲ್ಲ. ತೋಳಿನ ಸ್ನಾಯು ತನ್ನೊಳಗೇ ಕೂಡಿಟ್ಟುಕೊಂಡ ಕ್ಯಾಲ್ಸಿಯಂ ಬಳಸುತ್ತದೆ, ಹೊರಗಿನದಕ್ಕೆ ಕಾಯುವುದಿಲ್ಲ. ಹೃದಯ ಹಾಗಲ್ಲ. ಲಂಡನ್ನಿನ ಸಿಡ್ನಿ ರಿಂಗರ್ ಅವರ ಪ್ರಯೋಗದಲ್ಲಿ ನಲ್ಲಿ ನೀರಿನಿಂದ ಮಾಡಿದ ದ್ರಾವಣದಲ್ಲಿ ಕಪ್ಪೆಯ ಹೃದಯ ಬಡಿಯುತ್ತಲೇ ಇತ್ತು, ಬಟ್ಟಿ ಇಳಿಸಿದ ನೀರಿನದರಲ್ಲಿ ಸೋತು ನಿಂತಿತು. ವ್ಯತ್ಯಾಸ ನಲ್ಲಿ ನೀರಿನ ಕ್ಯಾಲ್ಸಿಯಂ ಎಂದು ಅವರು 1883ರಲ್ಲಿ ಪ್ರಕಟಿಸಿದರು. ನನ್ನ ತರಗತಿಗಳಲ್ಲಿ ಇದನ್ನು ಹೇಳದೆ ನಾನು ಎಂದೂ ಮುಂದೆ ಹೋದವನಲ್ಲ. ಅಮ್ಲೋಡಿಪಿನ್ ಗುಂಪಿನದೇ ಆದ ವೆರಪಮಿಲ್ ಎಂಬ ಮಾತ್ರೆ ಹೃದಯದ ಬಡಿತವನ್ನೂ ನಿಧಾನಿಸುತ್ತದೆ. ಅಮ್ಲೋಡಿಪಿನ್‌ನ ಹಿಡಿತ ಹೆಚ್ಚಾಗಿ ರಕ್ತನಾಳದ ಮೇಲೆ.

ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ: ಸಂಜೆ ಹೊತ್ತಿಗೆ ಪಾದ ಊದಿ, ಚಪ್ಪಲಿ ಬಿಗಿಯಾಗುತ್ತದೆಯೇ? ಈ ಮಾತ್ರೆಯಲ್ಲಿ, ಅದರಲ್ಲೂ 10 ಎಂಜಿ ನುಂಗುವವರಲ್ಲಿ, ಅದು ಆಗುವುದುಂಟು. ಕಿರುಧಮನಿಗಳು ಸಡಿಲಿದಷ್ಟು ಆಚೆ ಬದಿಯ ಅಭಿಧಮನಿಗಳು ಸಡಿಲುವುದಿಲ್ಲ. ಮಧ್ಯದ ಲೋಮನಾಳಗಳಲ್ಲಿ ಒತ್ತಡ ಏರಿ ನೀರು ಜಿನುಗುತ್ತದೆ, ಜಿನುಗಿದ್ದು ಪಾದಕ್ಕಿಳಿಯುತ್ತದೆ. ಮೈಯಲ್ಲಿ ನೀರು ಹೆಚ್ಚಾಗಿ ಬಂದ ಊತ ಇದಲ್ಲ, ಹಾಗಾಗಿ ಮೂತ್ರ ಹೋಗಿಸುವ ಮಾತ್ರೆಯನ್ನು ನೀವೇ ಅಂಗಡಿಯಿಂದ ತಂದು ನುಂಗಿದರೆ ಹೆಚ್ಚು ಪ್ರಯೋಜನವಿಲ್ಲ. ವೈದ್ಯರು ಡೋಸ್ ಇಳಿಸಬಹುದು, ಅಥವಾ ಅಭಿಧಮನಿಯನ್ನೂ ಸಡಿಲಿಸುವ ಟೆಲ್ಮಿಸಾರ್ಟನ್‌ನಂಥದ್ದನ್ನು ಜೊತೆಗೆ ಕೊಡಬಹುದು. ಹೃದಯ, ಕಿಡ್ನಿ ಕೆಟ್ಟಾಗಲೂ ಪಾದ ಊದುತ್ತದೆ, ಅದನ್ನು ಪರೀಕ್ಷಿಸಿ ಹೇಳಬೇಕಾದವರೂ ಅವರೇ. ಹೋಗುವ ಮುಂಚೆ ಊತ ಸಂಜೆಗಷ್ಟೇ ಬರುತ್ತದೋ, ಬೆಳಿಗ್ಗೆಯೂ ಇರುತ್ತದೋ ನೋಡಿಟ್ಟುಕೊಳ್ಳಿ. ಒಂದೇ ಕಾಲು ಊದಿ ನೋಯುತ್ತಿದ್ದರೆ ಅದು ಮಾತ್ರೆಯ ಊತವೆಂದು ಸುಮ್ಮನಿರಬೇಡಿ, ಅವತ್ತೇ ತೋರಿಸಿ.