ಮೋಶೆಯ ‘ಶ’ಕಾರದ ತಕರಾರು: ಹೀಬ್ರೂ ಬೈಬಲ್ಲಿನ ಈಜಿಪ್ಟ್ ಹೆಸರುಗಳು

ಬೈಬಲ್ಲಿನ ಆದಿಕಾಂಡದ 41ನೆಯ ಅಧ್ಯಾಯದಲ್ಲಿ ಈಜಿಪ್ಟಿನ ದೊರೆ ಫರೋಹನು ಇಸ್ರಾಯೇಲ್ಯನಾದ ಯೋಸೇಫನಿಗೆ ಹೊಸ ಹೆಸರಿಡುತ್ತಾನೆ: ಸಾಫ್ನತ್ಪನ್ನೇಹ. ಅರ್ಥವೇನೆಂದು ಹಳಬರೂ ತಡಕಾಡಿದ್ದಾರೆ. ಒಂದನೆಯ ಶತಮಾನದ ಯೆಹೂದಿ ಇತಿಹಾಸಕಾರ ಜೋಸೆಫಸ್ ‘ಗುಟ್ಟು ಕಂಡುಹಿಡಿಯುವವನು’ ಎಂದ. ಬೈಬಲ್ಲನ್ನು ಲ್ಯಾಟಿನ್ನಿಗೆ ತಂದ ಜೆರೋಮ್ ‘ಲೋಕರಕ್ಷಕ’ ಎಂದೇ ಬರೆದುಬಿಟ್ಟ. ಮುಂದೆ ಈಜಿಪ್ಟಿನ ಚಿತ್ರಲಿಪಿ ಓದುವವರೇ ಇಲ್ಲವಾದರು. 1822ರಲ್ಲಿ ಫ್ರೆಂಚ್ ವಿದ್ವಾಂಸ ಶಾಂಪೋಲಿಯೋ ಅದನ್ನು ಬಿಡಿಸಿದ ಮೇಲಷ್ಟೇ ಇಂಥ ಹೆಸರುಗಳನ್ನು ಮೂಲದೊಂದಿಗೆ ತಾಳೆ ನೋಡಲು ದಾರಿಯಾಯಿತು.

ರಾಜರ ಹೆಸರುಗಳು ಬೇಗ ಸಿಕ್ಕವು. ಜೆರೂಸಲೇಮಿನ ಮೇಲೆ ದಂಡೆತ್ತಿ ಬಂದ ಶೀಶಕನೆಂದರೆ, ಕಾರ್ನಾಕ್ ದೇವಾಲಯದ ಗೋಡೆಯಲ್ಲಿ ಊರುಗಳ ಪಟ್ಟಿ ಕೆತ್ತಿಸಿದ ಶೋಶೆಂಕ್. ಯೆರೆಮೀಯನ ಗ್ರಂಥದ ಹೊಫ್ರ ಎಂದರೆ ವಹಿಬ್ರೆ. ತಹರ್ಕ ಮಾತ್ರ ‘ಹ’, ‘ರ’ ಅದಲುಬದಲಾಗಿ ತಿರ್ಹಾಕನಾಗಿದ್ದಾನೆ. ಲಿಪಿಕಾರರ ಕಿವಿಯೋ ಕೈಯೋ ತಪ್ಪಿರಬೇಕು. ಆಸಾಮಿ ಯಾರೆಂದು ಖಚಿತವಿರುವ ಇಂಥ ಹೆಸರುಗಳಿಂದಲೇ ಈಜಿಪ್ಟಿನ ಯಾವ ಧ್ವನಿಗೆ ಹೀಬ್ರೂವಿನ ಯಾವ ಅಕ್ಷರ ಎಂಬ ಲೆಕ್ಕ ಹುಟ್ಟಿತು.

ಆ ಲೆಕ್ಕ ಹಿಡಿದು, ಇಸ್ರಾಯೇಲ್ಯರನ್ನು ಈಜಿಪ್ಟಿನಿಂದ ಹೊರತಂದ ಮೋಶೆಯ ಬಳಿಗೆ ಬಂದರೆ ಪೇಚಾಟ. ‘ನೀರಿನಿಂದ ಎಳೆದೆ’ ಎಂಬ ಹೀಬ್ರೂ ಕ್ರಿಯಾಪದದಿಂದ ಫರೋಹನ ಮಗಳು ಈ ಹೆಸರಿಟ್ಟಳೆಂದು ವಿಮೋಚನಕಾಂಡ ಹೇಳುತ್ತದೆ. ಅರಮನೆಯ ಹೆಣ್ಣುಮಗಳು ಹೀಬ್ರೂವಿನಲ್ಲಿ ಹೆಸರಿಟ್ಟಳೆಂದರೆ ನಂಬುವುದು ಕಷ್ಟ. ಥುಟ್‌ಮೋಸ್, ರಾಮ್ಸೆಸ್ ಹೆಸರುಗಳಲ್ಲಿರುವ, ‘ಹುಟ್ಟಿದವನು’ ಎಂಬರ್ಥದ ‘ಮಸ್’ ಧಾತುವೇ ಮೂಲವೆಂಬುದು ಬಹುಮಂದಿ ವಿದ್ವಾಂಸರ ಮಾತು. ಆದರೆ ಅದೇ ಗ್ರಂಥದಲ್ಲಿ ರಾಮ್ಸೆಸ್ ಪಟ್ಟಣದ ಹೆಸರಿಗೆ ‘ಸ’ ಧ್ವನಿಯ ‘ಸಾಮೆಕ್’ ಅಕ್ಷರ ಬಳಸಿದ್ದರೆ ಮೋಶೆಗೆ ‘ಶ’ ಧ್ವನಿಯ ‘ಶಿನ್’ ಇದೆ. 1936ರಲ್ಲಿ ಈಜಿಪ್ಟ್ ತಜ್ಞ ಅಲನ್ ಗಾರ್ಡಿನರ್ ಇದನ್ನೇ ಹಿಡಿದು ತಕರಾರು ತೆಗೆದರು; 1953ರಲ್ಲಿ ಗ್ವಿನ್ ಗ್ರಿಫಿತ್ಸ್ ಈಜಿಪ್ಟ್ ಮೂಲದ ಪರ ನಿಂತರು. ಎರಡು ಹೆಸರುಗಳೂ ಒಂದೇ ಕಾಲದಲ್ಲಿ ಹೀಬ್ರೂವಿಗೆ ಬಂದಿರಬೇಕೆಂದೇನೂ ಇಲ್ಲ. ಹಳೆಯದು ಹಳೆಯ ಉಚ್ಚಾರದಲ್ಲೇ ಉಳಿದಿರಬಹುದು.

ಯೋಸೇಫನ ಹೆಸರಿಗೆ 1889ರಲ್ಲಿ ಜರ್ಮನ್ ಈಜಿಪ್ಟ್ ತಜ್ಞ ಗೆಯೋರ್ಗ್ ಸ್ಟೈನ್‌ಡಾರ್ಫ್ ‘ದೇವರು ನುಡಿದನು, ಅವನು ಬದುಕುತ್ತಾನೆ’ ಎಂಬ ಅರ್ಥ ಕೊಟ್ಟರು. ಈ ಮಾದರಿಯ ಹೆಸರುಗಳು ಈಜಿಪ್ಟಿನಲ್ಲಿ ಬೇಕಾದಷ್ಟಿವೆ. ಆದರೆ ಅವುಗಳಲ್ಲಿ ಬರುವುದು ಖೋನ್ಸು, ಆಮುನ್ ಎಂಬಂಥ ನಿರ್ದಿಷ್ಟ ದೇವರ ಹೆಸರೇ ಹೊರತು ಬರಿಯ ‘ದೇವರು’ ಅಲ್ಲ. ಯೋಸೇಫನ ಮಾವ ಪೋಟೀಫೆರನದು ಸಲೀಸು: ‘ಸೂರ್ಯದೇವ ರಾ ಕೊಟ್ಟವನು’, ನಮ್ಮ ರವಿದತ್ತನ ಹಾಗೆ. ತೊಡಕಿರುವುದು ಕಾಲದಲ್ಲಿ. ಈ ಎರಡೂ ಬಗೆಯ ಹೆಸರುಗಳು ಬಳಕೆಗೆ ಬಂದದ್ದು ಮುಖ್ಯವಾಗಿ ಕ್ರಿ.ಪೂ. ಮೊದಲ ಸಹಸ್ರಮಾನದಲ್ಲಿ, ಯೋಸೇಫನನ್ನು ಸಂಪ್ರದಾಯ ಇರಿಸುವುದು ಅದಕ್ಕೂ ಎಷ್ಟೋ ಶತಮಾನ ಹಿಂದೆ. ಕಥೆ ಇಂದಿನ ರೂಪ ಪಡೆದದ್ದು ತಡವಾಗಿ ಎನ್ನುವವರಿಗೆ ಇದೇ ಗಟ್ಟಿ ಆಧಾರ. ಈಜಿಪ್ಟ್ ತಜ್ಞ ಕೆನೆತ್ ಕಿಚನ್‌ರಂಥವರು ಇದನ್ನು ಒಪ್ಪದೆ, ಸಾಫ್ನತ್ಪನ್ನೇಹಕ್ಕೆ ಇನ್ನೂ ಹಳೆಯ ಮೂಲವನ್ನು ಸೂಚಿಸಿದ್ದಾರೆ.

ಹೆಚ್ಚು ಜಗಳವಿಲ್ಲದ ಹೆಸರೆಂದರೆ ಫೀನೆಹಾಸ, ಅಂದರೆ ‘ನುಬಿಯಾದವನು’ (ನುಬಿಯಾ ಈಜಿಪ್ಟಿನ ದಕ್ಷಿಣದ ನಾಡು). ಅವನು ಮೋಶೆಯ ಅಣ್ಣ ಆರೋನನ ಮೊಮ್ಮಗ, ಇಸ್ರಾಯೇಲಿನ ಪೂಜಾರಿಗಳ ಲೇವಿ ಕುಲದವನು. ಮೋಶೆಯೂ ಆ ಕುಲದವನೇ. ಹೊಫ್ನಿ, ಮೆರಾರಿ ಎಂಬ ಈಜಿಪ್ಟಿನ ಛಾಯೆಯ ಹೆಸರುಗಳು ಸಿಗುವುದೂ ಅಲ್ಲೇ. ಈಜಿಪ್ಟಿನಿಂದ ಹೊರಟು ಬಂದದ್ದು ಇಡೀ ಇಸ್ರಾಯೇಲ್ ಅಲ್ಲ, ಲೇವಿಯರ ಒಂದು ಗುಂಪು ಮಾತ್ರ ಎಂದು ವಾದಿಸುವವರು ಮೊದಲು ಬೊಟ್ಟು ಮಾಡುವುದು ಈ ಹೆಸರುಗಳತ್ತಲೇ.