ಗಿರೋಪೇ ನಿಂತ ಮೇಲೆ ಪಾರ್ಸೆಲ್ ಯಾವಾಗ ಕಳಿಸಬೇಕು?

ಬೀದರಿನ ಬಿದ್ರಿ ವ್ಯಾಪಾರಿಯೊಬ್ಬರ ಮಗಳು ಜರ್ಮನಿಯಲ್ಲಿದ್ದಾಳೆ. ಅಪ್ಪ ಕಳಿಸಿದ ಹೂಜಿ, ಹೂದಾನಿಗಳನ್ನು ಅಲ್ಲಿ ಆನ್‌ಲೈನ್ ಅಂಗಡಿ ತೆರೆದು ಮಾರುತ್ತಾಳೆ. ಆ ಜಾಲತಾಣವನ್ನು ಕಲಬುರಗಿಯಲ್ಲಿ ಕೂತು ನೋಡಿಕೊಳ್ಳುವುದು ನನ್ನ ಕೆಲಸ. ಜರ್ಮನಿಯ ಬ್ಯಾಂಕುಗಳು 2006ರಲ್ಲಿ ಶುರುಮಾಡಿದ್ದ ಗಿರೋಪೇ 2024ರ ಕೊನೆಗೆ ನಿಂತುಹೋಯಿತು. ಗ್ರಾಹಕರು ಚೆಕ್‌ಔಟ್‌ನಿಂದ ನೇರ ತಮ್ಮ ಬ್ಯಾಂಕಿನ ಪುಟಕ್ಕೆ ಹೋಗಿ ಹಣ ಹಾಕುತ್ತಿದ್ದ ದಾರಿ ಅದು.

“ಆ ಬಟನ್ ತಗದು ಇನ್ನೊಂದು ಹಾಕ್ರಿ, ಆಯ್ತಲ್ರಿ” ಅಂದರು ಅಪ್ಪ. ಅವರ ಅಂಗಡಿಯಲ್ಲಿ ಯುಪಿಐ ಸೌಂಡ್‌ಬಾಕ್ಸ್ ಕೂಗಿದರೆ ದುಡ್ಡು ಬಂತೆಂದೇ ಲೆಕ್ಕ. ಬ್ಯಾಂಕಿನ ಪಾವತಿ ಎಲ್ಲವೂ ಹಾಗೇ ಎಂದು ಅವರಿಗೆ ಅನಿಸಿದ್ದು ಸಹಜ.

ಬಟನ್ ಬದಲಿಸುವುದು ಸಣ್ಣ ಕೆಲಸವೇ. ಆದರೆ ಪಾವತಿ ಖಾತ್ರಿಯಾಗಿದೆ ಎಂಬ ಸುದ್ದಿಯನ್ನು ಗಿರೋಪೇ ಅಂಗಡಿಗೆ ಕೂಡಲೇ ಮುಟ್ಟಿಸುತ್ತಿತ್ತು. ಆ ಸುದ್ದಿ ಬಂದೊಡನೆ ಆರ್ಡರ್ ‘ಪಾವತಿಯಾಗಿದೆ’ ಎಂದು ಬದಲಾಗಿ ಪಾರ್ಸೆಲ್ ಚೀಟಿ ಮುದ್ರಣವಾಗುವಂತೆ ನಾನೇ ಬರೆದಿಟ್ಟಿದ್ದೆ. ಈಗ ಅದರ ಜಾಗಕ್ಕೆ ಸೆಪಾ, ಅಂದರೆ ಯೂರೋಪಿನ ಬ್ಯಾಂಕುಗಳ ನಡುವಿನ ಯೂರೋ ಪಾವತಿ ವ್ಯವಸ್ಥೆಯ ಡೈರೆಕ್ಟ್ ಡೆಬಿಟ್ ತಂದೆವು ಅಂದುಕೊಳ್ಳಿ. ಅಲ್ಲಿ ಗ್ರಾಹಕರು ಕೊಡುವುದು ಹಣ ಎಳೆದುಕೊಳ್ಳುವ ಒಪ್ಪಿಗೆ ಮಾತ್ರ. ಹಣ ಬರಲು ದಿನಗಳು ಬೇಕು. ಬಂದ ಮೇಲೂ 8 ವಾರದೊಳಗೆ ಕಾರಣ ಹೇಳದೆ ವಾಪಸ್ ಪಡೆಯಬಹುದು. ಒಪ್ಪಿಗೆಯನ್ನೇ ಕೊಟ್ಟಿರಲಿಲ್ಲ ಎಂದಾದರೆ ಗಡುವು 13 ತಿಂಗಳು. ಹಳೆಯ ನಿಯಮ ಹಾಗೇ ಉಳಿದರೆ, ದಿನಗಟ್ಟಲೆ ಕೂತು ಬೆಳ್ಳಿ ತಂತಿ ಕೂರಿಸಿ, ಕೋಟೆಯ ಮಣ್ಣಿನಲ್ಲಿ ಕಪ್ಪು ಮಾಡಿದ ಹೂಜಿ ಹಣಕ್ಕಿಂತ ಮೊದಲೇ ಮನೆ ಬಿಟ್ಟಿರುತ್ತದೆ. ಕುಶಲಕರ್ಮಿಯ ದುಡಿಮೆ ಹಾಗೆ ಹೋಗುವುದು ನನ್ನ ಮನಸ್ಸಿಗೆ ಒಗ್ಗದು.

ಸಣ್ಣ ವಸ್ತುಗಳಿಗೆ ಕಾರ್ಡ್ ಇಟ್ಟೆವು. ದೊಡ್ಡವಕ್ಕೆ ಮುಂಗಡ ಬ್ಯಾಂಕ್ ವರ್ಗಾವಣೆ. ಯೂರೋ ವಲಯದ ಬ್ಯಾಂಕುಗಳು 2025ರ ಅಕ್ಟೋಬರ್ 9ರಿಂದ ತಕ್ಷಣದ ವರ್ಗಾವಣೆಯ ಸೌಲಭ್ಯ ಕೊಡಲೇಬೇಕು. ಹಣ 10 ಸೆಕೆಂಡಿನಲ್ಲಿ ಮುಟ್ಟುತ್ತದೆ. ಇಲ್ಲಿನ ತೊಡಕು ಬೇರೆ. ಗ್ರಾಹಕರು ಆರ್ಡರ್ ಸಂಖ್ಯೆ ಬರೆಯಲು ಮರೆತರೆ ಯಾರ ಹಣ ಯಾವ ಹೂದಾನಿಗೆ ಎಂದು ಹುಡುಕುತ್ತ ಕೂರಬೇಕು. ಅದಕ್ಕೇ ಖಾತೆ, ಮೊತ್ತ, ಆರ್ಡರ್ ಸಂಖ್ಯೆ ಮೂರನ್ನೂ ತುಂಬಿದ ಕ್ಯೂಆರ್ ಕೋಡ್ ತೋರಿಸುತ್ತೇವೆ. ಅಲ್ಲಿ ಅದಕ್ಕೆ ಗೀರೋಕೋಡ್ ಎನ್ನುತ್ತಾರೆ. ಖಾತೆಯಲ್ಲಿ ಜಮೆ ಕಾಣುವವರೆಗೆ ಆರ್ಡರ್ ‘ಬಾಕಿ’ಯಲ್ಲೇ ಇರುತ್ತದೆ. ಗ್ರಾಹಕರು ‘ಧನ್ಯವಾದ’ ಪುಟಕ್ಕೆ ಮರಳಿ ಬಂದದ್ದನ್ನು ಪಾವತಿ ಎಂದು ಯಾವ ಅಂಗಡಿಯೂ ನಂಬಬಾರದು.

ಗಿರೋಪೇಯನ್ನು ಜಾಲತಾಣಕ್ಕೆ ಜೋಡಿಸಿದ್ದ ಹಳೆಯ ಪ್ಲಗಿನ್ ಅನ್ನು ಚೆಕ್‌ಔಟ್‌ನಿಂದ ಮಾತ್ರ ತೆಗೆದೆ, ಅಳಿಸಲಿಲ್ಲ. ವಸ್ತು ಕೈಸೇರಿದ 14 ದಿನದೊಳಗೆ ಖರೀದಿ ರದ್ದುಮಾಡುವ ಹಕ್ಕು ಅಲ್ಲಿನ ಗ್ರಾಹಕರಿಗಿದೆ. ಡಿಸೆಂಬರ್ ಕೊನೆಯಲ್ಲಿ ಗಿರೋಪೇ ಮೂಲಕ ಕೊಂಡ ಹೂದಾನಿ ಜನವರಿಯಲ್ಲಿ ವಾಪಸ್ ಬಂದರೆ ಯಾರು, ಎಷ್ಟು ಕಟ್ಟಿದ್ದರು ಎಂಬ ದಾಖಲೆ ಬೇಕು. ಹಣ ಮರಳಿಸಲು ಖಾತೆ ಸಂಖ್ಯೆ ಕೇಳುವಾಗಲೂ ಇಮೇಲ್ ಬೇಡ ಎಂದು ಮಗಳಿಗೆ ಹೇಳಿದ್ದೇನೆ. ಗ್ರಾಹಕರೇ ಲಾಗಿನ್ ಆಗಿ ತಮ್ಮ ಆರ್ಡರ್ ಪುಟದಲ್ಲಿ ತುಂಬಲಿ.